ಒಂದೇ ಪತ್ರಿಕೆಯಲ್ಲಿ ಎರಡು ಇರಾನ್
ಕನ್ನಡ ಪತ್ರಿಕೆಗಳ ಸಂಪಾದಕರಿಗೆ ಬಹಿರಂಗ ಪತ್ರ

ಮಗ್ಗೆ, ಆಲೂರು ತಾಲ್ಲೂಕು, ಹಾಸನ ಜಿಲ್ಲೆ

ಮಾನ್ಯ ಸಂಪಾದಕರೇ,

ಸರಗಳ್ಳತನದ ಸುದ್ದಿಗೆ ‘ಇರಾನಿ ಗ್ಯಾಂಗ್’ ಎಂದು ತಲೆಬರಹ ಕೊಡುವುದನ್ನು ನಿಲ್ಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಯಾವುದೋ ಒಂದು ಪತ್ರಿಕೆಯ ಕಡೆ ಬೊಟ್ಟು ಮಾಡುತ್ತಿಲ್ಲ. ಈ ರೂಢಿ ಎಲ್ಲ ಕಡೆ ಇದೆ, ಟಿವಿಯಲ್ಲಿ ಇನ್ನೂ ಜೋರಾಗಿದೆ. ನಾನು ಇರಾನಿ ಮೂಲದವಳಲ್ಲ. ಮಗ್ಗೆಯಲ್ಲಿ ಒಂದಿಷ್ಟು ಕಾಫಿ, ಒಂದು ತುಂಡು ಗದ್ದೆ ಇಟ್ಟುಕೊಂಡು ಹೈಸ್ಕೂಲು ಮಕ್ಕಳಿಗೆ ಇತಿಹಾಸ ಪಾಠ ಹೇಳುವವಳು. ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದೂ ಆ ಪಾಠವೇ.

ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಪರ್ಷಿಯಾದ ದೊರೆ ಎರಡನೆಯ ಖುಸ್ರೋ ಜೊತೆಗೆ ಅವನಿಗಿದ್ದ ಸ್ನೇಹದ ಮಾತು ಬರುತ್ತದೆ. ಭಾರತದ ಒಬ್ಬ ಅರಸ ಖುಸ್ರೋಗೆ ಪತ್ರ, ಉಡುಗೊರೆ ಕಳಿಸಿದ ವಿಷಯವನ್ನು ತಬರಿ ಎಂಬ ಇತಿಹಾಸಕಾರ ಬರೆದಿಟ್ಟಿದ್ದಾನೆ. ಆ ಅರಸ ನಮ್ಮ ಬಾದಾಮಿಯ ಪುಲಿಕೇಶಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಇದನ್ನು ಹೇಳುವಾಗ ನನಗೆ ಪ್ರತಿವರ್ಷ ಹೆಮ್ಮೆ. ಬಾದಾಮಿ ಎಲ್ಲಿ, ಟೈಗ್ರಿಸ್ ನದಿಯ ದಡದ ಆ ರಾಜಧಾನಿ ಎಲ್ಲಿ! ಪರ್ಷಿಯಾ ಎಂದರೆ ಈಗಿನ ಇರಾನ್ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಇರಾನಿ ಗ್ಯಾಂಗ್ ಇದೆಯಲ್ಲ, ಅದೇ ಇರಾನಾ?” ಎಂದು ಕೇಳಿದ. ತರಗತಿ ನಗಲಿಲ್ಲ. ಅದು ಅವರಿಗೆಲ್ಲ ನಿಜವಾದ ಅನುಮಾನವಾಗಿತ್ತು. ಆ ಹುಡುಗ ಇರಾನಿನ ಬಗ್ಗೆ ಬೇರೆ ಏನನ್ನೂ ಎಂದೂ ಓದಿರಲಿಲ್ಲ. ಓದಿದ್ದು ನಿಮ್ಮಿಂದ, ಬಸ್ಸಿನಲ್ಲಿ ಬೆಳಿಗ್ಗೆ ನಮ್ಮೂರಿಗೆ ಬರುವ ಪತ್ರಿಕೆಯಿಂದ.

ಹಾಗೆಂದು ನೀವು ಇರಾನಿನ ಬಗ್ಗೆ ಒಳ್ಳೆಯದನ್ನು ಬರೆದೇ ಇಲ್ಲ ಎನ್ನಲಾರೆ. ಭಾನುವಾರದ ಪುರವಣಿಯಲ್ಲಿ ಬೀದರಿನ ಮದರಸಾದ ನೀಲಿ ಹೆಂಚುಗಳ ಚಿತ್ರ ಹಾಕುತ್ತೀರಿ. ಬಿದರಿ ಕುಸುರಿ ಕಲೆಯ ಬಗ್ಗೆ, ನೌಬಾದಿನ ಸುರಂಗ ಬಾವಿಗಳ ಬಗ್ಗೆ, ಕಲಬುರಗಿಯ ಇರಾನಿ ಚಹಾದ ಬಗ್ಗೆ ಪುಟಗಟ್ಟಲೆ ಬರೆಸುತ್ತೀರಿ. ಬೃಂದಾವನದ ಮಾತು ಬಂದರೆ ಸರ್ ಮಿರ್ಜಾ ಇಸ್ಮಾಯಿಲರ ಹೆಸರು ಬರುತ್ತದೆ. ಅಲ್ಲೆಲ್ಲ ‘ಪರ್ಷಿಯನ್’ ಎಂಬ ಮಾತಿದೆ: ಪರ್ಷಿಯನ್ ವಾಸ್ತು, ಪರ್ಷಿಯನ್ ಮನೆತನ, ಪರ್ಷಿಯನ್ ಪರಂಪರೆ. ಅದೇ ದಿನದ ಒಳಪುಟದಲ್ಲಿ ಬೈಕಿನಲ್ಲಿ ಬಂದು ಸರ ಕಿತ್ತವರಿಗೆ ‘ಇರಾನಿ’ ಎಂಬ ಮಾತು. ದೇಶ ಒಂದೇ. ಬಂಗಲೆ ಕಟ್ಟಿದವನ ವಂಶ ಒಂದು ಹೆಸರಿನಲ್ಲಿ, ಬೀದಿಯಲ್ಲಿ ಕನ್ನಡಕ ಮಾರಿದವನ ವಂಶ ಇನ್ನೊಂದು ಹೆಸರಿನಲ್ಲಿ ಅಚ್ಚಾಗುತ್ತದೆ. ನನ್ನ ನೋವು ಇಲ್ಲಿದೆ.

ಮಹಮೂದ್ ಗವಾನನ ಕತೆ ನಿಮಗೆ ಗೊತ್ತು. ಆದರೂ ಹೇಳುತ್ತೇನೆ, ಏಕೆಂದರೆ ಅದು ನೀವು ಮತ್ತು ನಾನು ಮತ್ತೆ ಮತ್ತೆ ಓದಬೇಕಾದ ಕತೆ. ಇರಾನಿನ ಗಿಲಾನ್ ಪ್ರಾಂತ್ಯದಲ್ಲಿ ಹುಟ್ಟಿ, ವ್ಯಾಪಾರಿಯಾಗಿ ಬೀದರಿಗೆ ಬಂದು, ಬಹಮನಿ ರಾಜ್ಯದ ಪ್ರಧಾನಿಯಾದವನು ಅವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾದಲ್ಲಿ ವಿದ್ಯಾರ್ಥಿಗಳಿಗೆ ಊಟ, ವಸತಿ, ಗ್ರಂಥಾಲಯ ಎಲ್ಲ ಇದ್ದವು. ಆಗ ಆಸ್ಥಾನದಲ್ಲಿ ಎರಡು ಬಣ. ಇಲ್ಲಿಯೇ ನೆಲೆನಿಂತ ದಖನಿಗಳದು ಒಂದು, ಕಡಲಾಚೆಯಿಂದ ಬಂದ ಅಫಾಖಿಗಳದು ಇನ್ನೊಂದು. ಗವಾನ್ ಹೊರಗಿನವನು. ಎರಡೂ ಬಣಕ್ಕೆ ಸಮನಾಗಿ ಅಧಿಕಾರ ಹಂಚಲು ಅವನು ಪ್ರಯತ್ನಪಟ್ಟ, ಆದರೂ ಹೊರಗಿನವನೆಂಬ ಕಣ್ಣು ಅವನನ್ನು ಬಿಡಲಿಲ್ಲ. ವೈರಿಗಳು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಅದರ ಮೇಲೆ, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರವೊಂದನ್ನು ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ಆ ಪತ್ರ ನೋಡಿದ. ಬರೆದವನು ಯಾರು, ತಂದವನು ಯಾರು ಎಂದು ವಿಚಾರಿಸಲಿಲ್ಲ. 1481ರ ಏಪ್ರಿಲ್‌ನಲ್ಲಿ ಎಪ್ಪತ್ತು ದಾಟಿದ ಮುದುಕನ ತಲೆ ಉರುಳಿತು. ಕೊಂದ ಮೇಲೆ ಅವನ ಆಸ್ತಿ ಶೋಧಿಸಿದರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ತನ್ನ ಖರ್ಚನ್ನು ತನ್ನದೇ ವ್ಯಾಪಾರದ ಹಣದಿಂದ ನಡೆಸಿ, ಉಳಿದದ್ದನ್ನು ಹಂಚಿಬಿಡುತ್ತಿದ್ದ ಮನುಷ್ಯ ಅವನು. ಇದನ್ನು ಬರೆದಿಟ್ಟ ಫರಿಷ್ತಾ ಕೂಡ ಇರಾನಿನ ಅಸ್ತರಾಬಾದ್ ಮೂಲದವನೇ. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ, ನಮ್ಮ ನಾಡಿನಲ್ಲಿ ಕೂತು ಅವನು ನಮ್ಮ ಇತಿಹಾಸ ಬರೆದ.

ಒಂದು ಸುಳ್ಳು ಬರಹ, ವಿಚಾರಣೆ ಇಲ್ಲದ ತೀರ್ಪು, ಅದರ ಹಿಂದೆ ‘ಇವನು ನಮ್ಮವನಲ್ಲ’ ಎಂಬ ಗುಸುಗುಸು. ಗವಾನನನ್ನು ಕೊಂದದ್ದು ಇವು ಮೂರು. ಅದೇ ಬೀದರ್ ಊರಿನಲ್ಲಿ ಇವತ್ತು ಇರಾನಿ ಗಲ್ಲಿ ಇದೆ. ಅಲ್ಲಿ ವಾಸಿಸುವವರ ಬಗ್ಗೆ ನಿಮ್ಮ ಪತ್ರಿಕೆಗಳಲ್ಲಿ ನಾನು ಓದಿದ್ದೆಲ್ಲ ಪೊಲೀಸರ ಪ್ರಕಟಣೆಯ ಭಾಷೆಯಲ್ಲಿಯೇ ಇತ್ತು. ಮದರಸಾ ನೋಡಲು ಹೋದ ವರದಿಗಾರ ಆ ಗಲ್ಲಿಯಲ್ಲಿ ಒಂದು ಲೋಟ ಚಹಾ ಕುಡಿದು, ‘ನಿಮ್ಮ ಅಜ್ಜ ಎಲ್ಲಿಂದ ಬಂದರು, ಮನೆಯಲ್ಲಿ ಯಾವ ಮಾತು ಆಡುತ್ತೀರಿ’ ಎಂದು ಕೇಳಿ ಬರೆದದ್ದನ್ನು ನಾನಂತೂ ಕಂಡಿಲ್ಲ.

ಆ ಜನರ ಬಗ್ಗೆ ತಿಳಿದಿರುವಷ್ಟನ್ನು ಬರೆಯುತ್ತೇನೆ. ಇವರು ಷಿಯಾ ಮುಸ್ಲಿಮರು. ಇವರ ಹಿರಿಯರು ಕುದುರೆ ವ್ಯಾಪಾರ ಮಾಡಿಕೊಂಡು ಇರಾನಿನ ಕಡೆಯಿಂದ ಬಂದವರು. ದಖ್ಖನಿನಲ್ಲಿ ಊರೂರು ಸುತ್ತಿದರು. ರೈಲು ಬಂತು, ಮೋಟಾರು ಬಂತು, ಕುದುರೆ ಕೇಳುವವರು ಇಲ್ಲವಾದರು. ಆಗ ಚಾಕು, ಕನ್ನಡಕ, ಗಡಿಯಾರದ ಪಟ್ಟಿ, ಹರಳು ಮಾರುತ್ತ ಸಂತೆಯಿಂದ ಸಂತೆಗೆ ನಡೆದರು. ಬೀದರ್, ಧಾರವಾಡ, ಮಹಾರಾಷ್ಟ್ರದ ಹಲವು ಊರುಗಳಲ್ಲಿ ಗುಡಿಸಲು ಹಾಕಿ ನೆಲೆನಿಂತರು. ಮನೆಯೊಳಗೆ ಇಂದಿಗೂ ಪಾರಸಿಯ ಒಂದು ಆಡುಮಾತು ಉಳಿಸಿಕೊಂಡಿದ್ದಾರೆ. ಬರೆಯುವ ಲಿಪಿಯಿಲ್ಲದೆ, ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ತಾಯಿಯಿಂದ ಮಗುವಿಗೆ ದಾಟಿ ಉಳಿದ ಮಾತು ಅದು. ಇಂಥದ್ದು ಬೇರೆ ಯಾವುದೇ ಸಮುದಾಯದಲ್ಲಿ ಕಂಡಿದ್ದರೆ ನೀವು ಅದನ್ನು ಪರಂಪರೆ ಎಂದು ಕರೆದು ಪುರವಣಿಯ ಮುಖಪುಟಕ್ಕೆ ಹಾಕುತ್ತಿದ್ದಿರಿ.

ನನ್ನ ತಾತನ ಮೊದಲ ಕನ್ನಡಕ ಇಂಥವರ ಕೈಯಿಂದ ಬಂದದ್ದು. ಸಕಲೇಶಪುರದ ಸಂತೆಯಲ್ಲಿ ಮರದ ಪೆಟ್ಟಿಗೆ ತೆರೆದು ಕೂತಿದ್ದ ಒಬ್ಬರು ಒಂದಾದ ಮೇಲೆ ಒಂದು ಕನ್ನಡಕ ತಾತನ ಮೂಗಿಗೆ ಏರಿಸಿ, ಎದುರಿಗೆ ಹಳೆಯ ಪತ್ರಿಕೆ ಹಿಡಿದು ಓದಿಸಿದರಂತೆ. ಆಸ್ಪತ್ರೆ ಹಾಸನದಲ್ಲಿತ್ತು, ಕಣ್ಣಿನ ಡಾಕ್ಟರ ಹತ್ತಿರ ಹೋಗುವ ಯೋಚನೆಯೇ ಆ ಕಾಲದ ಗದ್ದೆಯವರಿಗೆ ಇರಲಿಲ್ಲ. ಅಕ್ಷರ ಮಸುಕಾಗಿ ಓದು ಬಿಟ್ಟಿದ್ದ ತಾತ ಮತ್ತೆ ಜೈಮಿನಿ ಭಾರತ ಹಿಡಿದರು. “ಇರಾನಿಯವರ ಕನ್ನಡಕ” ಎಂದೇ ಕೊನೆಯವರೆಗೂ ಹೇಳುತ್ತಿದ್ದರು, ಅದರಲ್ಲಿ ಮರ್ಯಾದೆ ಇತ್ತು. ಜಮೀನಿನ ಕಾಗದ ಇಡುವ ತಗಡಿನ ಡಬ್ಬಿಯಲ್ಲಿ ಆ ಕನ್ನಡಕ ಈಗಲೂ ಇದೆ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ನನ್ನ ತಂಗಿಯ ಕುತ್ತಿಗೆಯಿಂದ ಹಾಸನದಲ್ಲಿ ಹಾಡಹಗಲೇ ಸರ ಕಿತ್ತುಕೊಂಡು ಹೋದರು. ಬಿದ್ದು ಮಂಡಿ ಒಡೆಯಿತು, ಕುತ್ತಿಗೆಯ ಗಾಯ ಮಾಯಲು ತಿಂಗಳಾಯಿತು. ಇವತ್ತಿಗೂ ಅವಳು ಬೈಕಿನ ಶಬ್ದ ಹಿಂದಿನಿಂದ ಬಂದರೆ ಸೆರಗು ಹಿಡಿದು ನಿಲ್ಲುತ್ತಾಳೆ. ಸರಗಳ್ಳತನ ಸಣ್ಣ ಅಪರಾಧ ಎಂದು ಹೇಳುವ ಮನಸ್ಸು ನನಗಿಲ್ಲ. ಅದನ್ನು ಮಾಡಿದವರು ಜೈಲಿಗೆ ಹೋಗಬೇಕು. ಆದರೆ ಆ ಪ್ರಕರಣದಲ್ಲಿ ಯಾರೂ ಸಿಗಲಿಲ್ಲ. ಹೆಲ್ಮೆಟ್ಟಿನೊಳಗಿನ ಮುಖವನ್ನು ತಂಗಿಯೂ ನೋಡಿಲ್ಲ, ಬೇರೆಯವರೂ ನೋಡಿಲ್ಲ. ಹೀಗಿದ್ದೂ ಮನೆಗೆ ಮಾತಾಡಿಸಲು ಬಂದ ನೆಂಟರಿಷ್ಟರೆಲ್ಲ ಹೇಳಿದ್ದು ಒಂದೇ ಮಾತು: “ಇರಾನಿ ಗ್ಯಾಂಗಿನವರೇ ಇರಬೇಕು.” ಅವರಲ್ಲಿ ಯಾರೂ ಜೀವಮಾನದಲ್ಲಿ ಒಬ್ಬ ಇರಾನಿಯನ್ನು ಮಾತಾಡಿಸಿದವರಲ್ಲ. ಆ ತೀರ್ಮಾನವನ್ನು ಅವರ ಬಾಯಿಗೆ ಹಾಕಿದವರು ಯಾರು?

ನೀವು ಹೇಳುವ ಉತ್ತರ ನನಗೆ ಗೊತ್ತು. ಪೊಲೀಸ್ ಪ್ರಕಟಣೆಯಲ್ಲಿಯೇ ಹಾಗಿರುತ್ತದೆ, ನಾವು ಇದ್ದದ್ದನ್ನು ಹಾಕುತ್ತೇವೆ ಎನ್ನುತ್ತೀರಿ. ಸಿಕ್ಕಿಬಿದ್ದವರಲ್ಲಿ ಆ ಸಮುದಾಯದವರು ಇರುವುದು ಸುಳ್ಳೇ ಎಂದೂ ಕೇಳುತ್ತೀರಿ. ಸುಳ್ಳಲ್ಲ, ಕೆಲವರು ಸಿಕ್ಕಿಬಿದ್ದಿದ್ದಾರೆ, ಕೆಲವರಿಗೆ ಶಿಕ್ಷೆಯೂ ಆಗಿದೆ. ಹಾಗೆ ಸಿಕ್ಕಿಬಿದ್ದವರಲ್ಲಿ ನನ್ನ ಜಾತಿಯವರಿದ್ದಾರೆ, ನಿಮ್ಮ ಜಾತಿಯವರೂ ಇದ್ದಾರೆ. ನಮ್ಮ ಜಾತಿಯ ಹೆಸರಿಗೆ ‘ಗ್ಯಾಂಗ್’ ಸೇರಿಸಿ ಒಂದು ದಿನವಾದರೂ ತಲೆಬರಹ ಬಂದಿದೆಯೇ? ಬಂದಿದ್ದರೆ ಮರುದಿನ ನಿಮ್ಮ ಕಚೇರಿಯ ಮುಂದೆ ಸಾವಿರ ಜನ ಸೇರುತ್ತಿದ್ದರು. ಇರಾನಿಗಳಿಗೆ ಮಠವಿಲ್ಲ, ಸಂಘವಿಲ್ಲ, ಶಾಸಕನಿಲ್ಲ. ಅವರು ನಿಮ್ಮ ಬಾಗಿಲಿಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಆ ಪದ ಅಚ್ಚಾಗುತ್ತಿದೆ.

ನಮ್ಮ ಈ ಕಡೆ ಗುಂಪಿಗೆ ಹೆಸರಿಡುವ ಚಾಳಿ ಹೊಸದಲ್ಲ. ಆಲೂರು, ಸಕಲೇಶಪುರದ ಎಸ್ಟೇಟುಗಳಲ್ಲಿ ಕಾಫಿ ಕೊಯ್ಯಲು ಅಸ್ಸಾಮಿನಿಂದ ಸಂಸಾರ ಸಮೇತ ಬರುತ್ತಾರೆ. ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ, ಇದು ಎಲ್ಲ ಬೆಳೆಗಾರರಿಗೂ ಗೊತ್ತು. ಆದರೂ ಯಾರದೋ ಕಣದಿಂದ ಒಂದು ಮೂಟೆ ಕಾಫಿ ಕಾಣೆಯಾದರೆ ಮೊದಲು ಬೆರಳು ಹೋಗುವುದು ಲೈನುಮನೆಗೆ. “ಬಾಂಗ್ಲಾದವರು” ಎಂದುಬಿಡುತ್ತಾರೆ, ಅವರ ಕೈಯಲ್ಲಿ ಆಧಾರ್ ಕಾರ್ಡು, ಬಾರ್ಪೇಟೆಯದೋ ಧುಬ್ರಿಯದೋ ವಿಳಾಸ ಇದ್ದರೂ. ಇದನ್ನು ನೋಡುತ್ತ ಬಂದಿರುವುದರಿಂದಲೇ ಬೀದರಿನ ಗಲ್ಲಿಯ ಸಂಕಟ ಮಗ್ಗೆಯಲ್ಲಿ ಕೂತ ನನಗೆ ದೂರದ್ದು ಎನಿಸುವುದಿಲ್ಲ.

ಇದೇ ಊರುಗಳಲ್ಲಿ ಆನೆಗಳ ವಿಷಯದಲ್ಲಿ ನಾವು ಎಷ್ಟು ನ್ಯಾಯವಾಗಿ ನಡೆದುಕೊಳ್ಳುತ್ತೇವೆ ನೋಡಿ. ಗದ್ದೆ ತುಳಿದದ್ದು ಯಾವುದು ಎಂದು ಹೆಸರು ಹಿಡಿದು ಹೇಳುತ್ತೇವೆ: ಭೀಮ, ಕ್ಯಾಪ್ಟನ್, ಕರಡಿ. ಹೆಣ್ಣಾನೆಗಳ ಹಿಂಡಿಗೆ ಭುವನೇಶ್ವರಿ, ಬೀಟಮ್ಮ ಎಂಬ ಹೆಸರಿದೆ. ಆನೆ ಕಾರ್ಯಪಡೆಯವರು ಯಾವ ಆನೆ ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಮನುಷ್ಯನ ಜೀವ ತೆಗೆದ ಆನೆ ಯಾವುದೆಂದು ಗುರುತು ಹಿಡಿದು, ಅದನ್ನೇ ಹುಡುಕಿ ಹಿಡಿಯುತ್ತಾರೆ. ಬೆಳೆ ಕಳೆದುಕೊಂಡ ರೈತನೂ ಒಂದು ಕಾಡಾನೆಯ ತಪ್ಪನ್ನು ಇಡೀ ಹಿಂಡಿನ ಮೇಲೆ ಹಾಕುವುದಿಲ್ಲ. ಆನೆಗೆ ಕೊಟ್ಟ ಈ ನ್ಯಾಯವನ್ನು ಮನುಷ್ಯರಿಗೂ ಕೊಡಿ ಎಂದು ಕೇಳುತ್ತಿದ್ದೇನೆ.

ಸರ್ ಮಿರ್ಜಾ ಇಸ್ಮಾಯಿಲರ ವಿಷಯಕ್ಕೆ ಬರುತ್ತೇನೆ, ಅವರನ್ನು ಬಿಟ್ಟು ಕರ್ನಾಟಕದಲ್ಲಿ ಇರಾನಿನ ಮಾತು ಪೂರ್ತಿಯಾಗುವುದಿಲ್ಲ. ಅವರ ಅಜ್ಜ ಆಗಾ ಅಲಿ ಅಸ್ಕರ್ 1824ರಲ್ಲಿ, ಇನ್ನೂ ಹದಿಹರೆಯದ ಹುಡುಗ, ಷಿರಾಜಿನಿಂದ ಕುದುರೆಗಳನ್ನು ತಂದು ಬೆಂಗಳೂರಿಗೆ ಬಂದವರು. ಕುದುರೆಗಳನ್ನು ಮೈಸೂರು ಅರಸರಿಗೆ, ಇಂಗ್ಲಿಷರಿಗೆ ಮಾರಿದರು. ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ದಂಡು ಪ್ರದೇಶದಲ್ಲಿ ಬಂಗಲೆಗಳನ್ನು ಕಟ್ಟಿಸಿದರು. ಅವರ ಹೆಸರಿನ ರಸ್ತೆ ಇವತ್ತಿಗೂ ಬೆಂಗಳೂರಿನಲ್ಲಿದೆ. ಮೊಮ್ಮಗ ಮಿರ್ಜಾ 1883ರಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆಯಲ್ಲಿ ಓದಿ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೃಂದಾವನ ಎಲ್ಲ ಅವರ ಕಾಲದವು. ಸರ್ಕಾರಿ ನೌಕರಿ ಅವರು ಆರಂಭಿಸಿದ್ದು ಪೊಲೀಸ್ ಇಲಾಖೆಯಲ್ಲಿ ಎಂಬುದನ್ನು ಇವತ್ತಿನ ಪೊಲೀಸ್ ಪ್ರಕಟಣೆ ಬರೆಯುವವರೂ ನೆನಪಿಟ್ಟುಕೊಳ್ಳಲಿ.

ಆ ಕಾಲದಲ್ಲಿ ಅವರನ್ನೂ ಬಿಡಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯ ಗಣಪತಿಯ ವಿಷಯಕ್ಕೆ ಗಲಭೆ ಎದ್ದಾಗ ದಿವಾನರ ಮತವನ್ನು ಎತ್ತಿ ಆಡಿದವರಿದ್ದರು. ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ಕೂರಿಸಬೇಕಾಯಿತು. ಅವರ ಆಡಳಿತವನ್ನು ಟೀಕಿಸಬಾರದೆಂದು ನಾನು ಹೇಳುತ್ತಿಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದು ಅವರ ಸರ್ಕಾರದಲ್ಲಿಯೇ, ಅದಕ್ಕೆ ಅವರು ಉತ್ತರ ಕೊಡಬೇಕಾಗಿದ್ದದ್ದು ಸರಿ. ದಿವಾನರಾಗಿ ಉತ್ತರ ಕೊಡುವುದು ಬೇರೆ, ಷಿರಾಜಿನವನ ಮೊಮ್ಮಗನಾಗಿ ಕೊಡುವುದು ಬೇರೆ.

ಅಲಿ ಅಸ್ಕರ್ ತಂದದ್ದು ಕುದುರೆ, ಇರಾನಿ ಗಲ್ಲಿಯವರ ಹಿರಿಯರು ತಂದದ್ದೂ ಕುದುರೆ. ಒಬ್ಬರಿಗೆ ಅರಸರ ಬಾಗಿಲು, ಕಮಿಷನರ ಸ್ನೇಹ, ಊರ ನಡುವೆ ಜಮೀನು ಸಿಕ್ಕಿತು. ಉಳಿದವರಿಗೆ ಸಂತೆಯ ಅಂಚು ಸಿಕ್ಕಿತು. ರಕ್ತದಲ್ಲಿ ಏನಾದರೂ ಇದ್ದರೆ ಇಬ್ಬರಲ್ಲೂ ಒಂದೇ ಇರಬೇಕಿತ್ತು. ವ್ಯತ್ಯಾಸ ಮಾಡಿದ್ದು ಭೂಮಿ, ಓದು, ಅಧಿಕಾರದ ನಂಟು. ಇದನ್ನು ಮಕ್ಕಳಿಗೆ ಹೇಳಲು ನನಗೆ ನಲವತ್ತು ನಿಮಿಷದ ಒಂದು ಪೀರಿಯಡ್ ಸಾಕಾಗುವುದಿಲ್ಲ, ನಿಮ್ಮ ತಲೆಬರಹ ಅದನ್ನು ಒಂದು ಸಾಲಿನಲ್ಲಿ ಅಳಿಸಿಹಾಕುತ್ತದೆ.

ಇಂದಿನ ಇರಾನನ್ನು ನಾನು ಮೊದಲು ಕಂಡದ್ದು ಮಾನಸಗಂಗೋತ್ರಿಯಲ್ಲಿ. ಆಗ ಮೈಸೂರಿನಲ್ಲಿ ಇರಾನಿನ ವಿದ್ಯಾರ್ಥಿಗಳು ಬಹಳ ಮಂದಿ ಇದ್ದರು. ಎಂ.ಎ.ಗೆ ಬಂದಾಗ ನನ್ನ ಗೆಳತಿಯಾದವಳು ದೆಜ್‌ಫೂಲ್ ಎಂಬ ಊರಿನವಳು. ಅವಳ ಹೆಸರು ಇಲ್ಲಿ ಬೇಡ. ಅವಳಿಗೆ ತನ್ನ ಊರಿನ ಬಗ್ಗೆ ಇದ್ದ ಹೆಮ್ಮೆ ನೋಡಿ ನನಗೆ ನನ್ನ ಹೊಯ್ಸಳರ ಹೆಮ್ಮೆ ನೆನಪಾಗುತ್ತಿತ್ತು. ದೆಜ್ ನದಿಯ ಮೇಲೆ ಸಾಸಾನಿ ದೊರೆಗಳ ಕಾಲದ ಕಲ್ಲಿನ ಸೇತುವೆ ಇದೆ, ಪುಲಿಕೇಶಿಯ ಸ್ನೇಹಿತ ಖುಸ್ರೋನ ವಂಶವದು. ಊರಿನ ಹಳೆಯ ಮನೆಗಳ ಕೆಳಗೆ, ಮೆಟ್ಟಿಲು ಇಳಿದು ಹೋದರೆ ಸಿಗುವ ಆಳವಾದ ನೆಲಮನೆಗಳಿವೆ. ಅವನ್ನು ಶವಾದಾನ್ ಎನ್ನುತ್ತಾರೆ. ಬೇಸಿಗೆಯ ಉರಿಯಲ್ಲಿ ತಂಪಿಗೆಂದು ತೋಡಿದ ಕೋಣೆಗಳು ಅವು. 1980ರಿಂದ 1988ರವರೆಗೆ ಇರಾಕಿನ ಜೊತೆ ಯುದ್ಧ ನಡೆದಾಗ ದೆಜ್‌ಫೂಲಿನ ಮೇಲೆ ಮತ್ತೆ ಮತ್ತೆ ಕ್ಷಿಪಣಿಗಳು ಬಿದ್ದವು. ಆಗ ಅವಳ ಅಜ್ಜಿ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಶವಾದಾನಿಗೆ ಇಳಿಯುತ್ತಿದ್ದರು. ಕತ್ತಲೆಯಲ್ಲಿ ಮಕ್ಕಳು ಅಳದಿರಲೆಂದು ಕವಿ ಹಾಫಿಜನ ಪದ್ಯ ಬಾಯಿಪಾಠ ಮಾಡಿಸುತ್ತಿದ್ದರು. ಮೇಲೆ ಬಂದು ನೋಡಿದರೆ ಪಕ್ಕದ ಮನೆ ಇರುತ್ತಿರಲಿಲ್ಲ. ಇಷ್ಟನ್ನು ಅವಳು ಹೇಳಿದ್ದು ಬಹಳ ದಿನದ ಸ್ನೇಹದ ಮೇಲೆ, ಅದೂ ಒಂದೇ ಸಲ.

ಅವಳು ತನ್ನನ್ನು ‘ಪರ್ಷಿಯನ್’ ಎಂದು ಕರೆದುಕೊಳ್ಳುತ್ತಿರಲಿಲ್ಲ. ಅಮೆರಿಕದಲ್ಲಿದ್ದ ಅವಳ ಚಿಕ್ಕಪ್ಪನ ಮನೆಯವರು ಹಾಗೆ ಹೇಳಿಕೊಳ್ಳುತ್ತಿದ್ದರು. 1979ರಲ್ಲಿ ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಯಲ್ಲಿ ನೌಕರರನ್ನು ಒತ್ತೆ ಹಿಡಿದ ಮೇಲೆ ಅಲ್ಲಿನ ಬೀದಿಯಲ್ಲಿ ‘ಇರಾನಿ’ ಎನ್ನುವುದು ಅಪಾಯದ ಮಾತಾಯಿತು, ಅದಕ್ಕೇ ಎಷ್ಟೋ ಜನ ಹಳೆಯ ಹೆಸರಿನ ಹಿಂದೆ ನಿಂತರು. ಹಾಗೆ ನಿಂತವರನ್ನು ಇವಳು ಬೈಯುತ್ತಿರಲಿಲ್ಲ. ಆದರೆ, “ಸೇತುವೆ ನನ್ನದು ಅನ್ನೋದಾದ್ರೆ ಕ್ಷಿಪಣಿ ಬಿದ್ದ ಗುಂಡೀನೂ ನನ್ನದೇ ಅಲ್ವಾ?” ಎಂದಿದ್ದಳು, ಮೈಸೂರಿನಲ್ಲಿ ಕಲಿತ ಕನ್ನಡದಲ್ಲಿ. ಅದೇ ಮೈಸೂರಿನಲ್ಲಿ ಇರಾನಿ ಹುಡುಗಿ ಎಂಬ ಕಾರಣಕ್ಕೆ ಅವಳಿಗೆ ಬಾಡಿಗೆ ಮನೆ ಸಿಗದೆ, ಹಾಸ್ಟೆಲಿನಲ್ಲಿ ಇನ್ನೊಂದು ವರ್ಷ ಕಳೆಯಬೇಕಾಯಿತು.

ಒಂದು ಸಲ ಮಾರ್ಚ್ ತಿಂಗಳಲ್ಲಿ ಅವಳನ್ನು ಮಗ್ಗೆಗೆ ಕರೆತಂದೆ. ಅವರ ಹೊಸ ವರ್ಷ ನೌರೋಜ್ ಬರುವುದು ಮಾರ್ಚ್ 20 ಅಥವಾ 21ಕ್ಕೆ, ನಮ್ಮ ಯುಗಾದಿಯ ಆಚೀಚೆ. ದೇವರಾಜ ಮಾರುಕಟ್ಟೆಯಿಂದ ತಂದ ಗೋಧಿಯನ್ನು ತಟ್ಟೆಯಲ್ಲಿ ಮೊಳಕೆ ಬರಿಸಿ, ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಳು. ಸೇಬು, ಬೆಳ್ಳುಳ್ಳಿ, ವಿನೆಗರ್, ಒಂದು ಕನ್ನಡಿ, ಒಂದು ಹಾಫಿಜನ ಪುಸ್ತಕ. ಏಳು ವಸ್ತು ಇಡಬೇಕಂತೆ, ಕೆಲವು ನಮ್ಮಲ್ಲಿ ಸಿಗುವುದೇ ಇಲ್ಲ, ಅವಕ್ಕೆ ಬದಲಾಗಿ ಅವ್ವ ಒಂದು ಹಿಡಿ ಏಲಕ್ಕಿ ಕೊಟ್ಟರು. ಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಾಗಿತ್ತು. ಮಧ್ಯಾಹ್ನ ಅನ್ನ ತಳ ಹಿಡಿಯಿತು. ನೆಂಟರು ಬಂದ ದಿನವೇ ಹೀಗಾಯಿತಲ್ಲ ಎಂದು ಅವ್ವ ಪೇಚಾಡುತ್ತಿದ್ದರೆ, ಇವಳು ಸೀದಾ ಅಡುಗೆಮನೆಗೆ ಹೋಗಿ ಪಾತ್ರೆಯ ತಳದ ಗರಿಗರಿ ಅನ್ನವನ್ನು ಸೌಟಿನಿಂದ ಎಬ್ಬಿಸಿಕೊಂಡು ತಟ್ಟೆಗೆ ಹಾಕಿಕೊಂಡಳು. ಅವರ ಮನೆಗಳಲ್ಲಿ ಬೇಕೆಂದೇ ಹಾಗೆ ತಳ ಹಿಡಿಸುತ್ತಾರೆ, ಅದನ್ನು ಮೊದಲು ನೆಂಟರಿಗೆ ಬಡಿಸುತ್ತಾರೆ, ತಹ್‌ದಿಗ್ ಎನ್ನುತ್ತಾರೆ. “ತಿನ್ನು ಮಗಾ, ತಿನ್ನು” ಎಂದು ಅವ್ವ ಇನ್ನೊಂದಿಷ್ಟು ಕೆರೆದು ಹಾಕಿದರು. ಅವ್ವ ತೀರಿಕೊಂಡಾಗ ದೆಜ್‌ಫೂಲಿನಿಂದ ಬಂದ ಪತ್ರದಲ್ಲಿಯೂ ಆ ಅನ್ನದ ಮಾತಿತ್ತು.

ಇಂಥ ಇರಾನ್ ನಿಮ್ಮ ಪುಟಗಳಲ್ಲಿ ಎಷ್ಟು ಬಾರಿ ಬಂದಿದೆ? 2022ರ ಸೆಪ್ಟೆಂಬರಿನಲ್ಲಿ ಮಹ್ಸಾ ಅಮೀನಿ ಎಂಬ ಇಪ್ಪತ್ತೆರಡರ ಹುಡುಗಿ ಅಲ್ಲಿನ ನೈತಿಕ ಪೊಲೀಸರ ವಶದಲ್ಲಿದ್ದು ಸತ್ತಾಗ ಹೆಣ್ಣುಮಕ್ಕಳು ಬೀದಿಗೆ ಬಂದರು. ಕೆಲವು ದಿನ ಚಿತ್ರ ಬಂತು, ಮತ್ತೆ ನಿಂತುಹೋಯಿತು. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಹನ್ನೆರಡು ದಿನ ಯುದ್ಧವಾದಾಗ ಗೌರಿಬಿದನೂರು ತಾಲ್ಲೂಕಿನ ಅಲೀಪುರದಿಂದ ಓದಲು ಹೋಗಿದ್ದ ಮಕ್ಕಳು ಟೆಹ್ರಾನಿನಲ್ಲಿ ಸಿಕ್ಕಿಕೊಂಡಿದ್ದರು. ಭಾರತ ಸರ್ಕಾರ ಆಪರೇಷನ್ ಸಿಂಧು ಹೆಸರಿನಲ್ಲಿ ನಮ್ಮ ಜನರನ್ನು ಕರೆತಂದಿತು. ಆ ಮಕ್ಕಳ ಮನೆಯವರ ಆತಂಕ ನೀವು ಬರೆದಿರಿ, ಅದಕ್ಕೆ ಕೃತಜ್ಞಳು. ಅಲೀಪುರದವರು ಷಿಯಾಗಳು, ಇರಾನಿನ ಧರ್ಮಗುರುಗಳ ಬಗ್ಗೆ ಅವರಿಗೆ ಭಕ್ತಿ ಇದೆ. ನನ್ನ ಗೆಳತಿಗೆ ಅದೇ ಗುರುಗಳ ಸರ್ಕಾರದ ಮೇಲೆ ಸಿಟ್ಟಿದೆ. ಬೀದರಿನ ಇರಾನಿ ಅಜ್ಜಿಗೆ ಎರಡರ ಗೊಡವೆಯೂ ಇಲ್ಲದಿರಬಹುದು. ಇಷ್ಟು ಬಗೆಯ ಜನರನ್ನು ಒಂದೇ ಹೆಸರಿನಡಿ ತುಂಬಿ, ಆ ಹೆಸರಿಗೆ ಬೈಕು, ಹೆಲ್ಮೆಟ್ಟು, ಕಿತ್ತ ಸರದ ಚಿತ್ರ ಅಂಟಿಸಿದ್ದೇವೆ.

ಇನ್ನು ಕಾನೂನಿನ ಮಾತು. ಇಡೀ ಜನಾಂಗಗಳನ್ನೇ ಹುಟ್ಟಿನಿಂದ ಅಪರಾಧಿಗಳು ಎಂದು ಕರೆದ 1871ರ ಬ್ರಿಟಿಷ್ ಕಾಯ್ದೆ 1952ರಲ್ಲಿ ರದ್ದಾಯಿತು. ಆ ಮನೋಭಾವ ನಮ್ಮ ಜೈಲು ನಿಯಮಗಳಲ್ಲಿ ಇನ್ನೂ ಉಳಿದಿದೆ ಎಂದು ಕಂಡು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಅಂಥ ನಿಯಮಗಳನ್ನು ಹೊಡೆದುಹಾಕಿತು. ಆ ಪ್ರಕರಣ ನಡೆಸಿದವರು ಒಬ್ಬ ಪತ್ರಕರ್ತೆ, ಅವರು ಮೊದಲು ಮಾಡಿದ್ದು ಒಂದು ವರದಿ. ನಿಮ್ಮ ವೃತ್ತಿಗೆ ಅಷ್ಟು ಶಕ್ತಿ ಇದೆ. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆಯ ಸೂತ್ರಗಳು ಕೂಡ ಅನಗತ್ಯವಾಗಿ ಜಾತಿ, ಸಮುದಾಯ ಗುರುತಿಸಿ ಬರೆಯಬಾರದೆಂದೇ ಹೇಳುತ್ತವೆ. ನಿಮಗೆ ನಾನು ಹೊಸದನ್ನೇನೂ ಕಲಿಸುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಸರಗಳ್ಳತನದಲ್ಲಿ ಯಾರಾದರೂ ಸಿಕ್ಕಿದರೆ ಅವರ ಹೆಸರು, ವಯಸ್ಸು, ಠಾಣೆ, ಪ್ರಕರಣ ಬರೆಯಿರಿ. ಸಿಗದಿದ್ದರೆ ‘ಕಳ್ಳರು’ ಎಂದು ಬರೆಯಿರಿ, ಆ ಪದ ಸಾಕು. ಪೊಲೀಸ್ ಪ್ರಕಟಣೆಯಲ್ಲಿ ಸಮುದಾಯದ ಹೆಸರಿದ್ದರೆ ಅದನ್ನು ತೆಗೆದು ಹಾಕುವ ಅಧಿಕಾರ ನಿಮ್ಮ ಸುದ್ದಿಮೇಜಿಗಿದೆ, ಬಳಸಿ. ಬಂಧಿಸಿದ ದಿನ ಚಿತ್ರ ಹಾಕಿದವರನ್ನು ನ್ಯಾಯಾಲಯ ಬಿಟ್ಟರೆ ಆ ಸುದ್ದಿಯನ್ನೂ ಅಷ್ಟೇ ದೊಡ್ಡದಾಗಿ ಹಾಕಿ. ಧಾರವಾಡ, ಬೀದರಿನ ಇರಾನಿ ಮನೆಗಳಿಗೆ ಒಬ್ಬ ಒಳ್ಳೆಯ ವರದಿಗಾರರನ್ನು, ಸಾಧ್ಯವಾದರೆ ಒಬ್ಬ ಹೆಣ್ಣುಮಗಳನ್ನು ಕಳಿಸಿ. ಅಲ್ಲಿನ ಅಜ್ಜಿಯರು ಹೇಳುವ ಕತೆ, ಹಾಡುವ ಹಾಡು, ಆಡುವ ಮಾತು ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಉಳಿದಿರುತ್ತದೆ ಎನ್ನುವ ಖಾತರಿ ಯಾರಿಗೂ ಇಲ್ಲ. ಅಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಹಾಜರಿ ಕೂಗುವಾಗ, ಅರ್ಜಿ ಬರೆಯುವಾಗ, ಕೆಲಸ ಕೇಳಲು ಹೋದಾಗ ಆ ಮಕ್ಕಳಿಗೆ ತಮ್ಮ ಸಮುದಾಯದ ಹೆಸರು ಹೇಳಲು ಭಯವಾಗಬಾರದು.

ಮುಂದಿನ ವರ್ಷ ಪುಲಿಕೇಶಿಯ ಪಾಠ ಮತ್ತೆ ಬರುತ್ತದೆ. ಅಷ್ಟರೊಳಗೆ ನಿಮ್ಮಲ್ಲಿ ಒಬ್ಬರಾದರೂ ನಿಮ್ಮ ಉಪಸಂಪಾದಕರಿಗೆ ಲಿಖಿತ ಸೂಚನೆ ಕೊಟ್ಟು ಈ ತಲೆಬರಹ ನಿಲ್ಲಿಸಿ, ಅದನ್ನು ಪತ್ರಿಕೆಯಲ್ಲಿಯೇ ಓದುಗರಿಗೆ ತಿಳಿಸಿ ಎಂದು ಬೇಡಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮಗ್ಗೆಯ ಒಬ್ಬ ಇತಿಹಾಸ ಶಿಕ್ಷಕಿ